ಡಜನ್ ಅತ್ತೆ ವಿಮೆ ಇಳಿಸಿದ ವಾರ

ನಮ್ಮಪ್ಪನ ಅಕ್ಕನನ್ನು ಮನೆಮಂದಿಯೆಲ್ಲ ಡಜನ್ ಅತ್ತೆ ಎಂದೇ ಕರೆಯುವುದು. ಎದುರಿಗೂ ಹಾಗೇ, ಬೆನ್ನ ಹಿಂದೆಯೂ ಹಾಗೇ. ಅವಳಿಗದರಲ್ಲಿ ಬೇಸರವೇನಿಲ್ಲ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಬಟ್ಟೆ ಉಗ್ರಾಣ ನೋಡಿಕೊಂಡವಳು. ಚಾದರ, ದಿಂಬಿನ ಚೀಲ, ಕಂಬಳಿ, ಆಪರೇಷನ್ ಕೋಣೆಯ ಹಸಿರು ಗೌನು, ಎಲ್ಲವನ್ನೂ ಹನ್ನೆರಡರ ಕಟ್ಟಿನಲ್ಲಿ ಎಣಿಸಿ ಕೊಟ್ಟು, ಹನ್ನೆರಡರ ಕಟ್ಟಿನಲ್ಲೇ ಎಣಿಸಿ ವಾಪಸ್ ತೆಗೆದುಕೊಂಡವಳು. ನಿವೃತ್ತಿಯಾಗಿ ಎರಡು ವರ್ಷವಾದರೂ ಬಾಯಿಗೆ ಹತ್ತಿದ ಲೆಕ್ಕ ಬಿಟ್ಟಿಲ್ಲ. ವಯಸ್ಸೆಷ್ಟು ಎಂದು ಕೇಳಿ ನೋಡಿ, "ಐದು ಡಜನ್ ಮೇಲೆ ಎರಡು" ಎನ್ನುತ್ತಾಳೆ.

ಆ ಉಗ್ರಾಣಕ್ಕೊಂದು ನಿಯಮವಿತ್ತು. ಬಾಗಿಲೊಳಗೆ ಬಂದದ್ದೆಲ್ಲ ಉಗ್ರಾಣದವಳ ತಲೆಯ ಮೇಲೆ. ಅತ್ತೆಗಿಂತ ಮುಂಚೆ ಅಲ್ಲಿದ್ದ ಮನುಷ್ಯ ಮೂರು ಡಜನ್ ಕಂಬಳಿ ಕಾಣೆಯಾದವೆಂದು ಪಿಂಚಣಿಯಲ್ಲಿ ಏಟು ತಿಂದಿದ್ದನಂತೆ. ಅವನ ಕಥೆ ಕೇಳಿಯೇ ಅತ್ತೆ ಕೆಲಸಕ್ಕೆ ಸೇರಿದ್ದು. ಅದಾದ ಮೇಲೆ ಕೇಳಬೇಕೆ? ಡಾಕ್ಟರೊಬ್ಬರು ಮಾತಾಡುತ್ತಾ ಬಂದು ಕೊಡೆ ಮರೆತು ಹೋದರೆ ಅದಕ್ಕೂ ರಿಜಿಸ್ಟರಿನಲ್ಲಿ ಒಂದು ಸಾಲು: ಕೊಡೆ, ಕಪ್ಪು, ಒಂದು, ಕಡ್ಡಿ ಮುರಿದಿದೆ. ಡಾಕ್ಟರು ಸಹಿ ಹಾಕಿಯೇ ತಮ್ಮ ಕೊಡೆ ತೆಗೆದುಕೊಂಡು ಹೋಗಬೇಕಾಯಿತು. ಇದನ್ನು ಅತ್ತೆ ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ.

ಅವಳಿರುವುದು ಬಾಡಿಗೆ ಮನೆಯಲ್ಲಿ. ಪಟಕ್ಕೆ ಕಟ್ಟು ಹಾಕುವ ಅಂಗಡಿಯ ಮೇಲಿನ ಮಹಡಿ, ಎರಡು ಕೋಣೆ, ಒಂದು ಅಡುಗೆಮನೆ. ಅಂಗಡಿಯವರೇ ಮನೆಯ ಯಜಮಾನರು. ಹುಟ್ಟಿದ ಮನೆಯಲ್ಲಿ ಒಂದು ಕೋಣೆಗೆ ಎಂಟು ಜನ. ಮದುವೆಯಾಗಿ ಹೋದಲ್ಲಿ ಅತ್ತೆ ಮಾವ ಮೈದುನರೆಲ್ಲ ಸೇರಿ ಒಂಬತ್ತು. ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯ ಹಾಸ್ಟೆಲ್ಲಿನಲ್ಲಿ ಕೋಣೆಗೆ ನಾಲ್ವರು. ಐವತ್ತೊಂದನೆಯ ವಯಸ್ಸಿನಲ್ಲಿ ಈ ಮಹಡಿ ಸಿಕ್ಕಿತು. ಅಂದಿನಿಂದ ಒಬ್ಬಳೇ. ನೆಂಟರೆಲ್ಲ "ಪಾಪ, ಒಬ್ಬಳೇ" ಎನ್ನುತ್ತಾರೆ. ಅತ್ತೆ ಯಾರ ಮಾತಿಗೂ ಎದುರು ಹೇಳುವುದಿಲ್ಲ, ಮಹಡಿಯನ್ನೂ ಬಿಡುವುದಿಲ್ಲ.

ಮೊನ್ನೆ ಒಂದು ಸೋಮವಾರ ಅವಳಿಗೆ ಎರಡು ಕಾಗದ ಒಟ್ಟಿಗೆ ಬಂದವು. ಒಂದು ವಿಮೆಯವರದು. ಬಾಡಿಗೆ ಮನೆಯ ಸಾಮಾನಿಗೆ ಅವಳು ಹನ್ನೊಂದು ವರ್ಷದಿಂದ ತಪ್ಪದೆ ವಿಮೆ ಕಟ್ಟುತ್ತಿದ್ದಾಳೆ. ಒಂಬತ್ತು ಸಾವಿರವಿದ್ದ ವರ್ಷದ ಕಂತು ಈ ಸಲ ಹನ್ನೆರಡು ಸಾವಿರವಾಗಿತ್ತು, ಶುಕ್ರವಾರದೊಳಗೆ ಕಟ್ಟಬೇಕು. ಇನ್ನೊಂದು ಯಜಮಾನರದು. ಪಕ್ಕದ ಬೀದಿಯಲ್ಲಿ ಯಾರೋ ಇಸ್ತ್ರಿಪೆಟ್ಟಿಗೆ ಆರಿಸುವುದನ್ನು ಮರೆತು ಮನೆ ಸುಟ್ಟುಕೊಂಡಿದ್ದರು. ಇನ್ನು ಮುಂದೆ ವಿಮೆ ಪತ್ರ ತೋರಿಸದವರಿಗೆ ಬಾಡಿಗೆ ಕರಾರು ಮುಂದುವರಿಸುವುದಿಲ್ಲ, ಶುಕ್ರವಾರ ಸಂಜೆ ಐದಕ್ಕೆ ಪತ್ರ ತನ್ನಿ ಎಂದು ಅವರು ಬರೆದಿದ್ದರು.

ಅತ್ತೆಯ ಕೈಯಲ್ಲಿದ್ದದ್ದು ಐದು ಸಾವಿರ. ಉಳಿದದ್ದು ಹೊಸ ಹಲ್ಲಿಗೆ ಹೋಗಿತ್ತು.

ಅಪ್ಪನಿಗೆ ಸುದ್ದಿ ಮುಟ್ಟಿದ್ದೇ ತಡ, ಅವರು ಫೋನಿನಲ್ಲೇ ತೀರ್ಮಾನ ಹೇಳಿಬಿಟ್ಟರು. "ಅಕ್ಕ, ದುಡ್ಡು ನಾನು ಕೊಡ್ತೀನಿ. ಆದ್ರೆ ಈ ವಯಸ್ಸಲ್ಲಿ ಯಾಕೆ ಒಬ್ಬಳೇ ಇಷ್ಟೆಲ್ಲ ಹೊಡೆದಾಡೋದು? ನಮ್ಮನೆಗೇ ಬಂದ್ಬಿಡು. ಶುಕ್ರವಾರ ಸಂಜೆ ವ್ಯಾನ್ ತರ್ತೀನಿ."

"ತಮ್ಮನ ದುಡ್ಡಲ್ಲಿ ಬಾಡಿಗೆ ಮನೇಲಿದ್ರೆ ಅದು ತಮ್ಮನ ಮನೇನೇ ಆಗತ್ತೆ ಕಣೋ," ಎಂದಳು ಅತ್ತೆ. "ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನ ಇದೆ."

ಅಪ್ಪನ ಪ್ರೀತಿ ನಿಜವಾದದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ಆ ಪ್ರೀತಿಯನ್ನು ಇಳಿಸಲು ಹೊರಟದ್ದು ನನ್ನ ಕೋಣೆಯಲ್ಲಿ. ಅವತ್ತು ಸಂಜೆ ಕನ್ನಡಕದಂಗಡಿಯ ಕೆಲಸ ಮುಗಿಸಿ ನಾನು ಮನೆಗೆ ಬರುವಷ್ಟರಲ್ಲಿ ನನ್ನ ಬಟ್ಟೆಯೆಲ್ಲ ಬೀರುವಿನ ಅರ್ಧಕ್ಕೆ ಸರಿದು ನಿಂತಿತ್ತು. ನನಗೆ ಮೈ ಉರಿದುಹೋಯಿತು. ನನ್ನ ಕಾಲುಚೀಲಗಳನ್ನು ಡಜನ್ನಿನಲ್ಲಿ ಎಣಿಸುವವಳ ಜೊತೆ ನಾನು ಒಂದು ಕೋಣೆಯಲ್ಲಿ ಬಾಳುವುದೇ? ಸುಳ್ಳೇಕೆ ಹೇಳಲಿ, ಅತ್ತೆಯ ಸಹಾಯಕ್ಕೆಂದು ಮರುದಿನದಿಂದ ನಾನು ದಿನಾ ಅರ್ಧ ದಿನ ರಜೆ ಹಾಕಿದ್ದು ನನ್ನ ಕೋಣೆ ಉಳಿಸಿಕೊಳ್ಳಲಿಕ್ಕೆ.

ಮಂಗಳವಾರ ಹತ್ತು ಗಂಟೆಗೆ ನಾವಿಬ್ಬರೂ ವಿಮೆ ಕಚೇರಿಯ ಬೆಂಚಿನ ಮೇಲೆ ಕೂತಿದ್ದೆವು. ಅತ್ತೆಯ ಮಡಿಲಲ್ಲಿ ದಪ್ಪ ಕಡತ. ಕೌಂಟರಿನಲ್ಲಿದ್ದದ್ದು ನಲವತ್ತರ ಆಸುಪಾಸಿನ ಹೆಂಗಸು, ಮೂಗಿನ ತುದಿಗೆ ಜಾರಿದ ಕನ್ನಡಕ. ಮೂಗಿನ ಹಿಡಿ ಬಗ್ಗಿದೆ, ಅಂಗಡಿಗೆ ಬಂದರೆ ಎರಡೇ ನಿಮಿಷದಲ್ಲಿ ಸರಿಮಾಡಿಕೊಡಬಹುದು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವಳು ಅತ್ತೆಯ ಹಳೆಯ ಪಾಲಿಸಿ ತೆರೆದು, ಜೊತೆಗಿದ್ದ ಸಾಮಾನಿನ ಪಟ್ಟಿ ಓದತೊಡಗಿದಳು. ಹನ್ನೊಂದು ಪುಟ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಅವಳ ತುಟಿ ಅದುರುತ್ತಿತ್ತು.

"ಕಿಟಕಿ ಗಾಜು, ಒಂದು ಡಜನ್ ಮೇಲೆ ನಾಲ್ಕು," ಎಂದು ಗಟ್ಟಿಯಾಗಿ ಓದಿದಳು. "ನಲ್ಲಿ, ಮೂರು. ಬಾಗಿಲು, ಐದು. ಗೋಡೆ ಬೀರು, ಎರಡು. ನೀರು ಕಾಯಿಸೋ ಗೀಸರ್, ಒಂದು. ಅಮ್ಮಾ, ಈ ಕಿಟಕಿಗಳೂ ನಿಮ್ಮವೇನಾ?"

"ನನ್ನವಲ್ಲ," ಎಂದಳು ಅತ್ತೆ. "ನನ್ನ ವಶದಲ್ಲಿವೆ."

"ಇದು, ಹೊಲಿಗೆ ಯಂತ್ರ?"

"ಎದುರು ಮನೆಯೋಳದು. ಅವಳ ಮನೇಲಿ ಜಾಗ ಇಲ್ಲ ಅಂತ ನನ್ನಲ್ಲಿಟ್ಟಿದ್ದಾಳೆ."

"ತೊಟ್ಟಿಲು?"

"ನಮ್ಮ ಆಸ್ಪತ್ರೆ ನರ್ಸಮ್ಮಂದು."

ಕೌಂಟರಿನವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಗುತ್ತಿದ್ದಳೋ ಮರುಗುತ್ತಿದ್ದಳೋ ತಿಳಿಯಲಿಲ್ಲ. ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡು, ಮಗುವಿಗೆ ಹೇಳುವ ಹಾಗೆ ಹೇಳಿದಳು: "ನೋಡಿ ಅಮ್ಮ. ನಾಳೆ ಮನೆ ಖಾಲಿ ಮಾಡೋದಾದ್ರೆ ಲಾರಿಗೆ ಏನೇನು ಹಾಕ್ಕೊಂಡು ಹೋಗ್ತೀರೋ, ಅಷ್ಟಕ್ಕೆ ಮಾತ್ರ ನೀವು ಕಟ್ಟಬೇಕಾದದ್ದು. ಕಿಟಕಿ ಕಿತ್ಕೊಂಡು ಹೋಗ್ತೀರಾ? ಹನ್ನೊಂದು ವರ್ಷದಿಂದ ಊರೋರ ಸಾಮಾನಿಗೆಲ್ಲ ನೀವು ಕಂತು ಕಟ್ಟಿದ್ದೀರಿ!"

ನನಗೆ ತಲೆ ಗಿರ್ರೆಂದಿತು. ಹನ್ನೊಂದು ವರ್ಷ! ಮೊದಲು ಈ ಪಾಲಿಸಿ ಮಾಡಿಸಿದ್ದ ಏಜೆಂಟ್ ಒಂದು ಮಾತಾದರೂ ಹೇಳಬಾರದಿತ್ತೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು. ಅತ್ತೆ ಬರೆದುಕೊಟ್ಟದ್ದನ್ನೆಲ್ಲ ಹಲ್ಲುಗಿಂಜಿ ತೆಗೆದುಕೊಂಡಿದ್ದ. ಪಟ್ಟಿ ಉದ್ದವಾದಷ್ಟೂ ಅವನ ಕಮಿಷನ್ನೂ ಉದ್ದವಾಗುತ್ತಿತ್ತಲ್ಲ! ನಾನು ಅವನಿಗೆ ನಾಲ್ಕು ಮಾತು ಬೈದೆ. ಆತ ಕೆಲಸ ಬಿಟ್ಟು ಏಳು ವರ್ಷವಾಯಿತು ಎಂದು ಕೌಂಟರಿನವಳು ತಿಳಿಸಿದಾಗ ಇನ್ನೆರಡು ಸೇರಿಸಿದೆ.

ಅತ್ತೆ ಮಾತ್ರ ಬೈಯಲಿಲ್ಲ. ಅವಳ ಕಣ್ಣು ಮಿಂಚುತ್ತಿತ್ತು. ಉಗ್ರಾಣದಲ್ಲಿ ಕಳೆದುಹೋಗಿದ್ದ ಕಟ್ಟು ಕಪಾಟಿನ ಸಂದಿಯಲ್ಲಿ ಸಿಕ್ಕಾಗ ಹಾಗೆ ಮಿಂಚುತ್ತಿತ್ತಂತೆ, ಅವಳ ಜೊತೆ ಕೆಲಸ ಮಾಡಿದವರು ಹೇಳುತ್ತಾರೆ. "ಇನ್ನೇನೇನು ಇಳಿಸಬಹುದು, ಒಂದೊಂದಾಗಿ ಹೇಳಿ," ಎಂದು ಪೆನ್ಸಿಲ್ ತೆಗೆದಳು.

ಕೌಂಟರಿನವಳಿಗೂ ಹುರುಪು ಬಂದಿತು. ತಿಂಗಳು ತಿಂಗಳು ಕಟ್ಟುವುದಕ್ಕಿಂತ ವರ್ಷದ್ದನ್ನು ಒಂದೇ ಸಲ ಕಟ್ಟಿದರೆ ಕಡಿಮೆ. ಅದನ್ನು ಅತ್ತೆ ಮೊದಲೇ ಮಾಡುತ್ತಿದ್ದಳು. ಹೊಗೆ ಬಂದರೆ ಕೂಗಿಕೊಳ್ಳುವ ಅಲಾರಂ ಹಾಕಿಸಿ ಫೋಟೋ ತಂದರೆ ಇನ್ನೊಂದಿಷ್ಟು ಕಡಿಮೆ. "ಆದ್ರೆ ಒಂದನ್ನ ಮಾತ್ರ ತೆಗೀಬೇಡಿ," ಎಂದಳು. "ನಿಮ್ಮ ಒಲೆಯಿಂದ ಯಜಮಾನ್ರ ಗೋಡೆಗೆ ಬೆಂಕಿ ಬಿದ್ರೆ ನಾವು ಕೊಡೋ ಪರಿಹಾರ ಇದ್ಯಲ್ಲ, ಆ ಭಾಗ. ಯಜಮಾನ್ರು ಕೇಳ್ತಿರೋದೂ ಅದನ್ನೇ. ಅದ್ರಲ್ಲಿ ಉಳಿತಾಯ ಮಾಡೋಕೆ ಹೋದ್ರೆ ಮೂಗು ಕೊಯ್ದುಕೊಂಡ ಹಾಗೆ."

ಹೊರಗೆ ಬಂದ ಮೇಲೆ ನಾನು ಹಾರಾಡುತ್ತಿದ್ದೆ. ಹನ್ನೊಂದು ಪುಟದಲ್ಲಿ ಎಂಟು ಪುಟ ಹಾರಿಹೋಗುತ್ತದೆ, ನನ್ನ ಬೀರು ನನಗೇ! ಆದರೆ ಬಸ್ ನಿಲ್ದಾಣದಲ್ಲಿ ಅತ್ತೆ ಒಮ್ಮೆಗೇ ಸಪ್ಪಗಾದಳು.

"ಅಲ್ವೇ, ಯಜಮಾನ್ರ ಬೀರು ಪಟ್ಟಿಯಿಂದ ಹೊಡೆದುಹಾಕ್ತೀನಿ ಅನ್ನು. ನಾಳೆ ಅದು ಸುಟ್ಟುಹೋದ್ರೆ? ನನ್ನ ಕೈಲಿದ್ದ ಸಾಮಾನಲ್ವಾ?"

"ಅತ್ತೆ, ಅದು ಅವರ ಬೀರು!"

"ಅವರದೇ. ಆದ್ರೆ ಬೀಗದ ಕೈ ನನ್ನ ಹತ್ರ."

ನನಗೆ ಅಳು ಬರುವುದೊಂದು ಬಾಕಿ. ಎಂಟು ಪುಟ ಮತ್ತೆ ಬಂದು ನನ್ನ ಮಂಚದ ಮೇಲೆ ಕೂತ ಹಾಗಾಯಿತು. ಅತ್ತೆಯನ್ನು ವಾದದಲ್ಲಿ ಗೆದ್ದವರು ನಮ್ಮ ವಂಶದಲ್ಲಿಲ್ಲ. ಅದಕ್ಕೇ ಅವಳ ಕೈ ಹಿಡಿದುಕೊಂಡು ನೇರ ಕೆಳಗಿನ ಅಂಗಡಿಗೇ ಕರೆದುಕೊಂಡು ಹೋದೆ. ಯಜಮಾನರು ಯಾರದೋ ಮದುವೆ ಫೋಟೋಕ್ಕೆ ಗಾಜು ಕೊಯ್ಯುತ್ತಿದ್ದರು. ಅತ್ತೆ ತನ್ನ ಹನ್ನೊಂದು ಪುಟವನ್ನು ಮರದ ಹೊಟ್ಟಿನ ನಡುವೆ ಬಿಡಿಸಿಟ್ಟು, ನಿಮ್ಮ ಬೀರುಗಳನ್ನು ನಾನಿನ್ನು ವಿಮೆಗೆ ಸೇರಿಸದೆ ಹೋದರೆ ನಿಮಗೆ ಒಪ್ಪಿಗೆಯೇ ಎಂದು ಕೇಳಿದಳು. ಪಿಂಚಣಿ ಹೋಗುವ ತಪ್ಪನ್ನು ಒಪ್ಪಿಕೊಳ್ಳುವವಳ ಹಾಗೆ ಕೇಳಿದಳು.

ಯಜಮಾನರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗಾಜು ಕೊಯ್ಯುವ ಕಟ್ಟರ್ ಕೆಳಗಿಟ್ಟು, ಒಳಗೆ ಹೋಗಿ ತಮ್ಮ ಕಟ್ಟಡದ ವಿಮೆ ಕಾಗದ ತಂದು ಪಕ್ಕದಲ್ಲಿಟ್ಟರು. ಅದರಲ್ಲಿಯೂ ಗೋಡೆ ಬೀರು ಎರಡು. ಗೀಸರ್ ಒಂದು. ಕಿಟಕಿ, ಬಾಗಿಲು, ನಲ್ಲಿ.

"ನಾನೂ ಕಟ್ತಿದ್ದೀನಲ್ರಮ್ಮಾ!" ಎಂದರು. "ಒಂದು ಬೀರು ಎರಡು ಸಲ ಸುಡೋಕಾಗತ್ತಾ?"

ಅತ್ತೆ ಎರಡೂ ಕಾಗದವನ್ನು ನೋಡಿದಳು. ಒಂದರ ಮೇಲೆ ಬೆರಳಿಟ್ಟು ಇನ್ನೊಂದರ ಸಾಲು ಹುಡುಕಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ನಗತೊಡಗಿದಳು. ಹೊಸ ಹಲ್ಲೂ ಕಾಣುವಂತೆ, ಗೋಡೆ ಹಿಡಿದುಕೊಂಡು, ಅಂಗಡಿಗೆ ಬಂದ ಗಿರಾಕಿ ಗಾಬರಿಯಾಗುವಷ್ಟು ನಕ್ಕಳು. "ಹನ್ನೊಂದು ವರ್ಷ ಯಜಮಾನ್ರೇ! ನಿಮ್ಮ ನಲ್ಲೀನ ನಾನು ಮಗೂ ತರಹ ಕಾದಿದ್ದೀನಿ!"

"ಅದಕ್ಕೇ ಒಂದು ಹನೀನೂ ಸೋರಿಲ್ಲ," ಎಂದರು ಯಜಮಾನರು. ಆದರೆ ಕರಾರಿನ ಮಾತಿಗೆ ಮಾತ್ರ ಬಗ್ಗಲಿಲ್ಲ. ಶುಕ್ರವಾರ ಐದಕ್ಕೆ ಪತ್ರ ಬರಬೇಕು. ಅವತ್ತೇ ಬೇರೆ ಬಾಡಿಗೆದಾರರು ಮನೆ ನೋಡಲು ಬರುವವರಿದ್ದರು.

ಬುಧವಾರ ಕೆಂಪು ಪೆನ್ಸಿಲ್ ಹಿಡಿದು ಅತ್ತೆ ಮನೆಯೊಳಗೆ ಹೊರಟಳು. ನಾನು ಹಿಂದಿನಿಂದ ಪಟ್ಟಿ ಓದಬೇಕು, ಅವಳು ತೀರ್ಪು ಕೊಡಬೇಕು.

"ಸೀಲಿಂಗ್ ಫ್ಯಾನು?"

"ಲಾರಿಗೆ ಹೋಗಲ್ಲ. ಹೊಡಿ!"

"ಅಡುಗೆಕಟ್ಟೆ ಕಲ್ಲು?"

"ಅದನ್ನ ಯಾರು ಹೊರ್ತಾರೆ? ಹೊಡಿ!"

"ಕರೆಗಂಟೆ?"

"ಹೊಡಿ, ಹೊಡಿ!"

ಆ ಹುರುಪು ಅಂಟುರೋಗದ ಹಾಗೆ ನನಗೂ ಹತ್ತಿತು. ಒಂದೊಂದು ಗೆರೆ ಎಳೆದಾಗಲೂ ಎದೆಯ ಮೇಲಿಂದ ಒಂದು ಇಟ್ಟಿಗೆ ಇಳಿದಂತೆ ಇಬ್ಬರೂ ಕೂಗುತ್ತಿದ್ದೆವು. ನಡುವೆ ಒಂದು ಕಡೆ ಅತ್ತೆ ಪೆನ್ಸಿಲ್ ಬಿಟ್ಟು ಕುರ್ಚಿಯ ಮೇಲೆ ಕೂತು ಬೆವರೊರೆಸಿಕೊಂಡಳು. "ಉಗ್ರಾಣದಲ್ಲಿ ಹೀಗೆ ಹೊಡೆದುಹಾಕೋಕೆ ನಾಲ್ಕು ಸಹಿ ಬೇಕಿತ್ತು ಗೊತ್ತಾ," ಎಂದಳು. "ಇಲ್ಲಿ ನಂದೊಂದೇ ಸಾಕು!"

ಊರಿನವರ ಸಾಮಾನು ಮಾತ್ರ ಬರೀ ಗೆರೆ ಎಳೆದರೆ ಹೋಗುವಂಥದ್ದಲ್ಲವಲ್ಲ. ಪಟ್ಟಿಯಿಂದ ಹೋದದ್ದು ಮನೆಯಿಂದಲೂ ಹೋಗಬೇಕು ಎಂದು ಅತ್ತೆ ಹಠ ಹಿಡಿದಳು. ಕಂತಿಲ್ಲದ ಸಾಮಾನನ್ನು ಮನೆಯಲ್ಲಿಟ್ಟುಕೊಂಡರೆ ಅವಳಿಗೆ ನಿದ್ದೆ ಬರುವುದಿಲ್ಲವಂತೆ. ಎಲ್ಲರಿಗೂ ಫೋನ್ ಹೋಯಿತು. ಗುರುವಾರವಿಡೀ ಮೆಟ್ಟಿಲ ಮೇಲೆ ಮೆರವಣಿಗೆ. ಎದುರು ಮನೆಯವಳು ಬಂದು ಹೊಲಿಗೆ ಯಂತ್ರ ಒಯ್ದಳು, ಮುಖ ಸ್ವಲ್ಪ ಊದಿಸಿಕೊಂಡೇ. ನರ್ಸಮ್ಮ ತೊಟ್ಟಿಲು ನೋಡಿ, "ಅಯ್ಯೋ, ಇದಿನ್ನೂ ಇದ್ಯಾ? ನನ್ನ ಮಗ ಕಾಲೇಜಿಗೆ ಹೋಗ್ತಿದ್ದಾನಲ್ಲೇ ಅಕ್ಕಾ!" ಎಂದು ತಬ್ಬಿಕೊಂಡಳು. ಯಾರದೋ ಸೂಟ್‌ಕೇಸು, ಯಾರದೋ ಮಡಚುವ ಮಂಚ, ಯಾರೋ ಆರು ವರ್ಷದ ಹಿಂದೆ ಒಂದೇ ವಾರಕ್ಕೆಂದು ಬಿಟ್ಟುಹೋದ ಪುಸ್ತಕದ ಪೆಟ್ಟಿಗೆ. ಎಲ್ಲಕ್ಕೂ ಅತ್ತೆ ಸಹಿ ಮಾಡಿಸಿಕೊಂಡೇ ಕಳಿಸಿದಳು. ನಮ್ಮಮ್ಮನ ಹಳೆಯ ಮಿಕ್ಸಿ ಕೂಡ ಅಲ್ಲಿತ್ತು. ಅದಕ್ಕೆ ನಾನೇ ಸಹಿ ಹಾಕಬೇಕಾಯಿತು.

ಸಂಜೆ ನಾನು ಸ್ಟೂಲು ಹತ್ತಿ ಅಡುಗೆಮನೆಯ ಚಾವಣಿಗೆ, ಯಜಮಾನರ ಖರ್ಚಿನಲ್ಲೇ ತಂದ ಹೊಗೆ ಅಲಾರಂ ಹಾಕಿದೆ. ಕೆಲಸ ಮಾಡುತ್ತದೋ ಇಲ್ಲವೋ ನೋಡೋಣವೆಂದು ಅತ್ತೆ ಬೆಂಕಿಕಡ್ಡಿ ಗೀರಿ, ಆರಿಸಿ, ಹೊಗೆಯನ್ನು ಅದರಡಿ ಹಿಡಿದಳು. ಅದು ಕೊಟ್ಟ ಕೂಗಿಗೆ ಕೆಳಗಿನಿಂದ ಯಜಮಾನರು ಬಕೆಟ್ ಹಿಡಿದು ಓಡಿ ಬಂದರು. ಫೋಟೋದಲ್ಲಿ ಅಲಾರಂ ಜೊತೆ ಅವರ ಬಕೆಟ್ಟೂ ಬಿದ್ದಿದೆ.

ಎಲ್ಲ ಮುಗಿದ ಮೇಲೆ ಉಳಿದದ್ದು ಒಂದೇ ಪುಟ. ನಾನು ಅದನ್ನು ಅತ್ತೆಗೆ ಕೊಟ್ಟೆ. ಖಾಲಿಯಾದ ಕೋಣೆಯ ನಡುವೆ ನಿಂತು ಅವಳು ಓದಿದಳು. ಮಂಚ, ಹಾಸಿಗೆ, ಪುಟ್ಟ ಫ್ರಿಜ್ಜು, ರೇಡಿಯೋ, ಒಂದು ಕುರ್ಚಿ, ಆರು ಪಾತ್ರೆ, ಇನ್ನೊಂದಿಷ್ಟು ಸಣ್ಣಪುಟ್ಟವು. ಐದು ಡಜನ್ ವರ್ಷ ಬದುಕಿದವಳ ಆಸ್ತಿ ಒಂದು ಪುಟದ ಮುಕ್ಕಾಲು ಭಾಗಕ್ಕೇ ಮುಗಿದುಹೋಗಿತ್ತು. ನಾನೇ ಹುರುಪಿನಲ್ಲಿ ಓದಿ ಓದಿ ಇವಳನ್ನು ಬಡವಳನ್ನಾಗಿ ಮಾಡಿಬಿಟ್ಟೆನಲ್ಲ ಎನ್ನಿಸಿತು. ಇನ್ನೇನು ಅಳುತ್ತಾಳೆ ಎಂದುಕೊಂಡು ಹತ್ತಿರ ಹೋದೆ.

ಅತ್ತೆ ತುಟಿಯಲ್ಲೇ ಎಣಿಸುತ್ತಿದ್ದಳು. "ಎರಡು ಡಜನ್ ಮೇಲೆ ಒಂಬತ್ತು," ಎಂದಳು. ಇನ್ನೊಮ್ಮೆ ಎಣಿಸಿದಳು, ಅಷ್ಟೇ ಬಂತು. ಕೈ ತಟ್ಟಿದಳು. "ಇಷ್ಟೇ ಕಣೇ! ನಾನು ನೋಡ್ಕೋಬೇಕಾಗಿರೋದು ಇಷ್ಟೇ!" ಎಂದು ನನ್ನ ಎರಡೂ ಕೈ ಹಿಡಿದು ಸುತ್ತು ತಿರುಗಿಸಿದಳು. ಅವಳು ಕುಣಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಮತ್ತೆ ವಿಮೆ ಕಚೇರಿ. ಕೌಂಟರಿನವಳು ಒಂದು ಪುಟದ ಪಟ್ಟಿ ನೋಡಿ "ಭೇಷ್!" ಎಂದಳು. ಅಲಾರಮ್ಮಿನ ಫೋಟೋ ನೋಡಿ ಬಕೆಟ್ ಯಾರದು ಎಂದು ಕೇಳಿದಳು. ಲೆಕ್ಕ ಹಾಕಿದಳು. ಐದು ಸಾವಿರದ ಆರುನೂರು.

ನಮ್ಮಿಬ್ಬರ ಮುಖ ಇಳಿಯಿತು. ಹನ್ನೆರಡರಿಂದ ಇಲ್ಲಿಗೆ ಇಳಿದದ್ದೇನೋ ಸಂತೋಷವೇ. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ! ಅತ್ತೆಯ ಪರ್ಸಿನಲ್ಲಿ ಐದೇ. ನಾನು ಮೆಲ್ಲಗೆ ನನ್ನ ಪರ್ಸಿಗೆ ಕೈ ಹಾಕಿದೆ. ಅತ್ತೆ ನೋಡದೆಯೇ ನನ್ನ ಕೈಮೇಲೆ ಒಂದೇಟು ಕೊಟ್ಟಳು.

"ಇನ್ನೊಂದು ದಾರಿ ಇದೆ," ಎಂದಳು ಕೌಂಟರಿನವಳು. "ಏನಾದ್ರೂ ಹಾಳಾದ್ರೆ ಮೊದಲ ಐನೂರರ ನಷ್ಟ ನೀವೇ ಭರಿಸ್ಕೊಬೇಕು, ಅದರ ಮೇಲಿಂದು ನಾವು ಕೊಡ್ತೀವಿ ಅಂತ ಈಗ ಇದೆ. ಆ ಮೊದಲ ಪಾಲನ್ನ ಮೂರು ಸಾವಿರ ಮಾಡಿದ್ರೆ ಕಂತು ಇಳಿಯತ್ತೆ. ಆದ್ರೆ ಆಮೇಲೆ ಸಣ್ಣಪುಟ್ಟದಕ್ಕೆಲ್ಲ ನಮ್ಮ ಹತ್ರ ಬರೋ ಹಾಗಿಲ್ಲ. ಕೈಲಿ ಅಷ್ಟು ಇಟ್ಕೊಂಡಿರಬೇಕು. ಯೋಚನೆ ಮಾಡಿ."

"ಸಣ್ಣಪುಟ್ಟದಕ್ಕಾ?" ಅತ್ತೆ ಅವಮಾನವಾದವಳಂತೆ ನೆಟ್ಟಗೆ ಕೂತಳು. "ಮೂವತ್ತೊಂದು ವರ್ಷ ದಿಂಬಿನ ಚೀಲ ಕಮ್ಮಿ ಬಿದ್ದಾಗೆಲ್ಲ ನನ್ನ ದುಡ್ಡಲ್ಲಿ ಬಟ್ಟೆ ತಂದು, ಹೊಲಿದು, ಮುದ್ರೆ ಹೊಡೆದು ಕಟ್ಟಿಗೆ ಸೇರಿಸಿದ್ದೀನಿ. ಒಂದು ದಿನ ಯಾರ ಬಾಗಿಲಿಗೂ ಹೋಗಿಲ್ಲ. ಬರೀರಿ, ಮೂರು ಸಾವಿರ. ಬರೋ ತಿಂಗಳ ಪಿಂಚಣಿಯಿಂದ ಅದನ್ನ ತೆಗೆದಿಡ್ತೀನಿ."

ಇದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಡಜನ್ ಅತ್ತೆಯ ಲೆಕ್ಕ ಯಾವಾಗಲೂ ಹೇಗೆ ಸರಿಯಾಗಿರುತ್ತಿತ್ತು ಎನ್ನುವುದು ಅವತ್ತು ತಿಳಿಯಿತು.

ಕೌಂಟರಿನವಳು ಗುಂಡಿ ಒತ್ತಿದಳು. ನಾಲ್ಕು ಸಾವಿರದ ಎಂಟುನೂರು! ನಾನು ಕೂತಲ್ಲಿಂದ ಎಗರಿದೆ. ಬೆಂಚಿನ ಮೇಲಿದ್ದ ಅಪರಿಚಿತರೊಬ್ಬರು ಏನೆಂದು ತಿಳಿಯದೆಯೇ ಚಪ್ಪಾಳೆ ಹೊಡೆದರು. ಅತ್ತೆ ಹಣ ಕಟ್ಟಿ, ಮಿಕ್ಕ ಇನ್ನೂರನ್ನು ಮಡಚಿ ಪರ್ಸಿನೊಳಗಿಟ್ಟಳು. ಅಷ್ಟರಲ್ಲಿ ಪ್ರಿಂಟರ್ ಕಾಗದ ಕಚ್ಚಿಕೊಂಡು ನಿಂತಿತು. ಗೋಡೆ ಗಡಿಯಾರದಲ್ಲಿ ನಾಲ್ಕೂ ಹತ್ತು. ಪ್ರಿಂಟರಿನ ಹೊಟ್ಟೆ ಬಿಚ್ಚಿ ಕಾಗದ ಎಳೆದು ತೆಗೆಯುವಷ್ಟರಲ್ಲಿ ನಾಲ್ಕೂವರೆ. ಬಸ್ಸಿಗೆ ಕಾಯುವ ಮಾತೇ ಇರಲಿಲ್ಲ. ಇನ್ನೂ ಬಿಸಿಯಾಗಿದ್ದ ಪತ್ರವನ್ನು ಎದೆಗವಚಿಕೊಂಡು ಅರವತ್ತೆರಡರ ಅತ್ತೆ ಮುಂದೆ, ಇಪ್ಪತ್ತಾರರ ನಾನು ಹಿಂದೆ, ಪಾದಚಾರಿಗಳನ್ನೆಲ್ಲ ಸರಿಸುತ್ತಾ ಓಡಿದೆವು. ಅವಳ ಒಂದು ಚಪ್ಪಲಿಯ ಬಾರು ಕಿತ್ತುಹೋಯಿತು. ಅದನ್ನು ಕೈಗೆ ತೆಗೆದುಕೊಂಡು ಓಡಿದಳು.

ಅಂಗಡಿಯ ಮುಂದೆ ವ್ಯಾನು ನಿಂತಿತ್ತು. ಪಕ್ಕದಲ್ಲಿ ಅಪ್ಪ. ಒಳಗೆ ಹೊಸ ಬಾಡಿಗೆದಾರ ಗಂಡಹೆಂಡತಿ ಬೆಂಚಿನ ಮೇಲೆ ಕಾಯುತ್ತಿದ್ದರು.

"ಅಕ್ಕಾ, ಇದೇನಿದು, ಬರಿಗಾಲಲ್ಲಿ!" ಅಪ್ಪ ಓಡಿ ಬಂದು ಅವಳ ತೋಳು ಹಿಡಿದರು. "ಸಾಕು ಬಾ. ಎಲ್ಲ ನಾನು ನೋಡ್ಕೋತೀನಿ."

ಅತ್ತೆ ಏದುಸಿರು ಬಿಡುತ್ತಾ ಅವರ ಕೈ ಬಿಡಿಸಿಕೊಂಡು ಒಳಗೆ ಹೋಗಿ ಪತ್ರವನ್ನು ಮೇಜಿನ ಮೇಲಿಟ್ಟಳು. ಯಜಮಾನರು ಗಡಿಯಾರ ನೋಡಿದರು. ಐದಕ್ಕೆ ಏಳು ನಿಮಿಷ. ಪತ್ರವನ್ನು ಸಾಲು ಸಾಲಾಗಿ ಓದಿ, ಹೊಸ ಬಾಡಿಗೆದಾರರ ಕಡೆ ತಿರುಗಿ ಕೈ ಮುಗಿದು, "ಕ್ಷಮಿಸಿ, ಮನೆ ಖಾಲಿ ಇಲ್ಲ," ಎಂದರು. ಆಮೇಲೆ ಕರಾರು ಪತ್ರ ತೆಗೆದು ತುಂಬತೊಡಗಿದರು.

"ವಾಸ ಮಾಡೋರು ಎಷ್ಟು ಜನ?"

"ಒಬ್ಬಳು," ಎಂದಳು ಅತ್ತೆ. ಅಂಗಡಿಯ ಗಾಜುಗಳಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಒಬ್ಬಳೇ. ಹಾಗೇ ಬರ್ಕೊಳ್ಳಿ."

ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ಸಣ್ಣದಾಯಿತು. ಅತ್ತೆ ಸಹಿ ಹಾಕಿ ಅವರ ಹತ್ತಿರ ಬಂದಳು. "ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ ಕಣೋ. ನೀನು ಹುಟ್ಟಿದಾಗ ನಿನ್ನ ಎತ್ತಿ ಆಡಿಸಿದೋಳು ನಾನು. ಆದ್ರೆ ನನಗೆ ಒಬ್ಬಳೇ ಇರೋಕೆ ಇಷ್ಟ. ಕಷ್ಟಪಟ್ಟು ಒಬ್ಬಳೇ ಇದ್ದೀನಿ ಅಂದ್ಕೊಂಡ್ಯಾ? ಇಷ್ಟಪಟ್ಟು ಇದ್ದೀನಿ."

ನಾವು ಮೂವರೂ ಮೆಟ್ಟಿಲು ಹತ್ತಿದೆವು. ಕಾಫಿ ಸಿಗುತ್ತದೆಂದು ನನಗೆ ಆಸೆ, ಅಷ್ಟು ಓಡಿದ್ದೆನಲ್ಲ! ಅತ್ತೆ ಬಾಗಿಲು ತೆಗೆದು ಒಳಗೆ ಹೋದವಳು ತಿರುಗಿ ನಿಂತು ನಮ್ಮಿಬ್ಬರ ಕೆನ್ನೆ ಸವರಿದಳು. "ಬೇಜಾರು ಮಾಡ್ಕೋಬೇಡಿ. ಇವತ್ತು ಹೊರಡಿ. ಭಾನುವಾರ ಬನ್ನಿ, ಕಾಫಿ ಕೊಡ್ತೀನಿ." ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ನಾನು ನಗುತ್ತಾ ಎರಡು ಮೆಟ್ಟಿಲು ಇಳಿದಿದ್ದೆ. ಅಪ್ಪ ಬರಲಿಲ್ಲ. ಮುಚ್ಚಿದ ಬಾಗಿಲ ಮುಂದೆ ತಲೆ ಓರೆ ಮಾಡಿ ನಿಂತಿದ್ದರು. ಒಳಗೆ ಅತ್ತೆ ಹಾಡುತ್ತಿದ್ದಳು. ಸಣ್ಣ ದನಿಯಲ್ಲಲ್ಲ, ಬಾಯಿ ಬಿಟ್ಟು, ಖಾಲಿ ಕೋಣೆಗಳಲ್ಲಿ ಓಡಾಡುತ್ತಾ. ಶ್ರುತಿ ಅಲ್ಲಲ್ಲಿ ತಪ್ಪುತ್ತಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಅಕ್ಕ ಹಾಡ್ತಾಳಾ?" ಎಂದರು ಅಪ್ಪ. ಅವರ ಕಣ್ಣು ತೇವವಾಗಿತ್ತು. "ಐವತ್ತೆಂಟು ವರ್ಷದಲ್ಲಿ ನಾನು ಕೇಳೇ ಇಲ್ಲ."

ಹಾಡು ಮುಗಿಯುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ಆಮೇಲೆ ಸದ್ದಾಗದಂತೆ ಮೆಟ್ಟಿಲಿಳಿದು, ವ್ಯಾನಿನವನಿಗೆ ಬಾಡಿಗೆ ಕೊಟ್ಟು ಖಾಲಿಯಾಗಿಯೇ ಕಳಿಸಿದರು. "ಭಾನುವಾರ ಹೊರಡೋ ಮೊದಲು ಫೋನ್ ಮಾಡಿ ಕೇಳೋಣ," ಎಂದರು ನನಗೆ, "ಅವಳಿಗೆ ಬಿಡುವಿದ್ರೆ ಹೋಗೋಣ."